ಗುರುತು ಹಿಡಿದರೆ ಸಾಕೇ? ಕ್ಷಯದ ರೋಗಾಣು ಮತ್ತು ನಮ್ಮ ಮೈಕಾವಲು

ನಿಮ್ಮ ಎಡತೋಳಿನ ಮೇಲ್ಭಾಗವನ್ನು ಒಮ್ಮೆ ನೋಡಿಕೊಳ್ಳಿ. ಕಡಲೆಕಾಯಿ ಬೀಜದಷ್ಟು ಅಗಲದ, ತುಸು ತಗ್ಗಾದ ಹಳೆಯ ಕಲೆಯೊಂದು ಅಲ್ಲಿರಬಹುದು. ಹುಟ್ಟಿದ ಹೊಸತರಲ್ಲಿ ಹಾಕಿದ ಬಿಸಿಜಿ ಚುಚ್ಚುಮದ್ದಿನ ಗುರುತು ಅದು. ಕ್ಷಯ ಬಾರದಿರಲೆಂದು ಕೊಡುವ ಲಸಿಕೆ.

“ಸಾರ್, ಮಗು ಹುಟ್ಟಿದಾಗಲೇ ಬಿಸಿಜಿ ಹಾಕ್ಸಿದ್ವಿ. ಕಲೆನೂ ಐತೆ. ಆದ್ರೂ ಈಗ ಟಿಬಿ ಹೆಂಗ್ ಬಂತು?”

ದುಡಿಯುವ ವಯಸ್ಸಿನ ಮಗನ ಕಫದಲ್ಲಿ ರೋಗಾಣು ಕಂಡಿದೆ ಎಂದಾಗ ತಾಯಿಯ ಬಾಯಿಂದ ಬರುವ ಮೊದಲ ಮಾತು ಇದೇ. ಇದು ನ್ಯಾಯವಾದ ಪ್ರಶ್ನೆ. “ಏನೋ ಗ್ರಹಚಾರ” ಎಂದು ತಳ್ಳಿಹಾಕುವಂಥದ್ದಲ್ಲ. ನಮ್ಮ ದೇಹ ರೋಗಾಣುವನ್ನು ಹೇಗೆ ಗುರುತಿಸುತ್ತದೆ, ಗುರುತಿಸಿದ ಮೇಲೆ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಂಡರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೊಸ ಲಸಿಕೆಗಾಗಿ ವಿಜ್ಞಾನಿಗಳು ನಡೆಸುತ್ತಿರುವ ಹುಡುಕಾಟವೂ ಅದೇ ಜಾಡಿನಲ್ಲಿದೆ. ಆ ಜಾಡಿನ ಒಂದು ಮುಖ್ಯ ಹೆಜ್ಜೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಮೂಡಿದೆ ಎಂಬುದು ಬಹಳ ಜನರಿಗೆ ತಿಳಿಯದು.

ಮುಂಗೈ ಮೇಲಿನ ಉಬ್ಬು

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ೧೯೫೯ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು ೧೯೬೦ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಔಪಚಾರಿಕವಾಗಿ ಉದ್ಘಾಟಿಸಿದರು. ಹಳ್ಳಿಗಳಲ್ಲಿ ಕ್ಷಯ ನಿಜವಾಗಿ ಎಷ್ಟಿದೆ ಎಂದು ತಿಳಿಯಲು ಸಂಸ್ಥೆ ಮೊದಮೊದಲು ಆರಿಸಿಕೊಂಡ ಜಿಲ್ಲೆ ತುಮಕೂರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಿರುವ ಈ ಜಿಲ್ಲೆಯಲ್ಲಿ ೧೯೬೦–೬೧ರಲ್ಲಿ ಸಮೀಕ್ಷೆ ನಡೆಯಿತು. ಚೀಟಿ ಎತ್ತಿದಂತೆ ಅಲ್ಲೊಂದು ಇಲ್ಲೊಂದು ಹಳ್ಳಿಯನ್ನು ಆರಿಸಿ, ಮನೆಮನೆಯ ಜನರನ್ನು ಪಟ್ಟಿ ಮಾಡಿ ಪರೀಕ್ಷಿಸಿದರು.

ಮೊದಲು ಮುಂಗೈಯ ಚರ್ಮದೊಳಕ್ಕೆ ಒಂದು ಸಣ್ಣ ಚುಚ್ಚುಮದ್ದು. ಮೂರು ದಿನ ಬಿಟ್ಟು ಬಂದು, ಚುಚ್ಚಿದ ಜಾಗದಲ್ಲಿ ಎದ್ದ ಗಟ್ಟಿ ಉಬ್ಬನ್ನು ಅಳೆಯುವುದು. ದೊಡ್ಡವರಿಗೆ ಎದೆಯ ಎಕ್ಸ್‌ರೇ. ಎಕ್ಸ್‌ರೇಯಲ್ಲಿ ಅನುಮಾನ ಬಂದವರ ಕಫದ ಪರೀಕ್ಷೆ. ಲೆಕ್ಕ ಹಾಕಿದಾಗ, ಹತ್ತು ವರ್ಷ ದಾಟಿದವರಲ್ಲಿ ಸಾವಿರಕ್ಕೆ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತು. ಆದರೆ ಮುಂಗೈ ಮೇಲೆ ಉಬ್ಬು ಎದ್ದವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮಂದಿ! ವಯಸ್ಸು ಏರಿದಂತೆ ಅವರ ಸಂಖ್ಯೆಯೂ ಏರುತ್ತಿತ್ತು.

ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಗಮನಿಸಿ. ರೋಗಾಣು ಒಳಗೆ ಹೊಕ್ಕಿರುವುದು ಒಂದು, ರೋಗ ಬಂದಿರುವುದು ಇನ್ನೊಂದು. ಕ್ಷಯದ ಸೋಂಕು ತಗುಲಿದ ನೂರು ಜನರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಐದರಿಂದ ಹತ್ತು ಮಂದಿ ಮಾತ್ರ. ಉಳಿದವರ ದೇಹ ರೋಗಾಣುವನ್ನು ಅದುಮಿಟ್ಟುಕೊಂಡೇ ಬದುಕು ಸಾಗಿಸುತ್ತದೆ.

ಹಾಗಾದರೆ ಆ ಚುಚ್ಚುಮದ್ದಿನಲ್ಲಿ ಇರುವುದೇನು? ಜೀವಂತ ರೋಗಾಣುವಲ್ಲ. ರೋಗಾಣುವಿನಿಂದ ತೆಗೆದ ಪ್ರೋಟೀನುಗಳು, ಅಷ್ಟೇ. ಕ್ಷಯದ ರೋಗಾಣುವನ್ನು ೧೮೮೨ರಲ್ಲಿ ಕಂಡುಹಿಡಿದ ಜರ್ಮನಿಯ ರಾಬರ್ಟ್ ಕಾಕ್, ೧೮೯೦ರಲ್ಲಿ ಅದೇ ರೋಗಾಣುಗಳ ಸಾರವನ್ನು ‘ಟ್ಯೂಬರ್ಕ್ಯುಲಿನ್’ ಎಂದು ಕರೆದು ಔಷಧಿಯೆಂದು ಪ್ರಕಟಿಸಿದರು. ಔಷಧಿಯಾಗಿ ಅದು ಸೋತಿತು. ಆದರೆ ಸೋಂಕು ತಗುಲಿದವರ ಚರ್ಮ ಮಾತ್ರ ಆ ಸಾರಕ್ಕೆ ಕೆರಳುತ್ತದೆ ಎಂಬುದು ಕಂಡುಬಂತು. ೧೯೦೮ರಲ್ಲಿ ಫ್ರಾನ್ಸಿನ ಶಾರ್ಲ್ ಮಾಂಟೂ ಅದನ್ನು ಚರ್ಮದೊಳಕ್ಕೆ ಚುಚ್ಚುವ ಪರೀಕ್ಷೆಯಾಗಿ ರೂಢಿಸಿದರು. ೧೯೩೦ರ ದಶಕದಲ್ಲಿ ಅಮೆರಿಕದ ಫ್ಲಾರೆನ್ಸ್ ಸೈಬರ್ಟ್ ಎಂಬ ಮಹಿಳೆ ಆ ಸಾರದಿಂದ ಪ್ರೋಟೀನುಗಳನ್ನು ಶುದ್ಧೀಕರಿಸಿದರು. ಇಂದಿಗೂ ಆಸ್ಪತ್ರೆಗಳಲ್ಲಿ ‘ಮಾಂಟೂ ಟೆಸ್ಟ್’ ಎಂದು ಬರೆದುಕೊಡುವುದು ಇದನ್ನೇ.

ಕೋಟೆಯೊಳಗಿನ ಕಾವಲು

ಸತ್ತ ರೋಗಾಣುವಿನ ಪ್ರೋಟೀನನ್ನು ಕಂಡು ಮೈ ಯಾಕೆ ಕೆರಳಬೇಕು? ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿದವರಿಗೆ ಗೊತ್ತು: ಅಲ್ಲಿನ ಕೋಟೆಗೆ ಒಂದಲ್ಲ, ಹಲವು ಬಾಗಿಲು. ನಮ್ಮ ದೇಹವೂ ಹಾಗೆಯೇ. ಚರ್ಮ, ಮೂಗಿನ ಲೋಳೆ, ಕೆಮ್ಮು ಎಲ್ಲವೂ ಹೊರಬಾಗಿಲ ಕಾವಲು. ಇವನ್ನು ದಾಟಿ ಶ್ವಾಸಕೋಶದ ತಳಕ್ಕೆ ಇಳಿದ ಕ್ಷಯದ ರೋಗಾಣುವನ್ನು ಅಲ್ಲಿರುವ ಭಕ್ಷಕ ಕಣಗಳು ಹಿಡಿದು ನುಂಗುತ್ತವೆ.

ನುಂಗಿದ ಮೇಲೆ ಭಕ್ಷಕ ಕಣ ರೋಗಾಣುವಿನ ಪ್ರೋಟೀನನ್ನು ಚೂರುಚೂರಾಗಿ ಕತ್ತರಿಸುತ್ತದೆ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಆ ಸರದ ಹದಿನೈದಿಪ್ಪತ್ತು ಮಣಿಗಳ ತುಂಡೊಂದನ್ನು ಕಣ ತನ್ನ ಮೈಮೇಲಿನ ಒಂದು ಪುಟ್ಟ ಹಿಡಿಕೆಯಲ್ಲಿ ಸಿಕ್ಕಿಸಿ ಹೊರಗೆ ಚಾಚುತ್ತದೆ. ಸುತ್ತ ಓಡಾಡುವ ‘ಟಿ-ಕಣ’ಗಳೆಂಬ ಬಿಳಿರಕ್ತಕಣಗಳು ಅದನ್ನು ಬಂದು ಮುಟ್ಟಿ ನೋಡುತ್ತವೆ. ಒಂದು ಟಿ-ಕಣಕ್ಕೆ ಗುರುತಾಗುವುದು ಇಂಥದ್ದೇ ಒಂದು ತುಂಡು. ಬೀಗಕ್ಕೆ ಅದರದೇ ಕೀಲಿಕೈ ಇದ್ದ ಹಾಗೆ.

ಅಂದರೆ, ದೇಹ ರೋಗಾಣುವನ್ನು ಇಡಿಯಾಗಿ ಕಂಡು ಗುರುತಿಸುವುದಿಲ್ಲ. ಅದರ ಕೆಲವೇ ಪ್ರೋಟೀನುಗಳ ಕೆಲವೇ ತುಂಡುಗಳನ್ನು ಕಂಡು ಗುರುತಿಸುತ್ತದೆ. ತುಂಡನ್ನು ಹಿಡಿದು ತೋರಿಸುವ ಆ ಹಿಡಿಕೆಯೂ ಎಲ್ಲರಲ್ಲಿ ಒಂದೇ ತೆರನಲ್ಲ. ಅದು ತಂದೆತಾಯಿಯಿಂದ ಬಂದ ಬಳುವಳಿ. ಹೀಗಾಗಿ ಒಂದೇ ರೋಗಾಣುವಿನ ಬೇರೆ ಬೇರೆ ತುಂಡುಗಳು ಬೇರೆ ಬೇರೆಯವರ ಕಾವಲಿಗೆ ಎದ್ದು ಕಾಣುತ್ತವೆ.

ಕೀಲಿಕೈ ಹೊಂದಿತೋ, ಆ ಟಿ-ಕಣ ಒಂದಿದ್ದದ್ದು ಸಾವಿರವಾಗುತ್ತದೆ. ಭಕ್ಷಕ ಕಣಗಳಿಗೆ ಚುರುಕು ಮುಟ್ಟಿಸುವ ‘ಇಂಟರ್‌ಫೆರಾನ್-ಗಾಮಾ’ ಎಂಬ ರಸವನ್ನು ಸೂಸುತ್ತದೆ. ಎಲ್ಲ ಕಣಗಳೂ ಸೇರಿ ರೋಗಾಣುವಿನ ಸುತ್ತ ಗಂಟು ಕಟ್ಟಿ ಅದನ್ನು ಕೂಡಿಹಾಕುತ್ತವೆ. ಕೆಲವು ಟಿ-ಕಣಗಳು ನೆನಪಿನ ಕಣಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಮುಂಗೈಗೆ ಟ್ಯೂಬರ್ಕ್ಯುಲಿನ್ ಚುಚ್ಚಿದಾಗ ಆ ಹಳೆಯ ಕಾವಲುಗಾರರೇ “ಇವನನ್ನು ಎಲ್ಲೋ ಕಂಡಿದ್ದೇವೆ” ಎಂದು ಅಲ್ಲಿಗೆ ಧಾವಿಸುತ್ತಾರೆ. ಅವರು ಬಂದು ಸೇರಲು ಎರಡು ಮೂರು ದಿನ ಬೇಕು. ಅದಕ್ಕೇ ಮೂರನೆಯ ದಿನ ಅಳೆಯುವುದು. ಅಳೆಯಬೇಕಾದದ್ದು ಕೆಂಪನ್ನಲ್ಲ, ಬೆರಳಿಗೆ ಸಿಗುವ ಗಟ್ಟಿ ಉಬ್ಬನ್ನು. ಆ ಗಟ್ಟಿತನವೇ ಒಟ್ಟುಗೂಡಿದ ಕಣಗಳ ಗುಂಪು.

ಕಾಣುವುದು ಬೇರೆ, ಕಾಯುವುದು ಬೇರೆ

ಗುರುತು ಹಿಡಿದ ಮೇಲೆ ಕೆಲಸ ಮುಗಿಯಿತಲ್ಲ ಎನ್ನುವಿರಾ? ಗಂಟಲಮಾರಿ, ಧನುರ್ವಾಯುಗಳ ವಿಷಯದಲ್ಲಿ ಬಹುಮಟ್ಟಿಗೆ ಹಾಗೆಯೇ. ಆ ರೋಗಾಣುಗಳು ಬಿಡುವ ವಿಷವೂ ಒಂದು ಪ್ರೋಟೀನೇ. ಆ ವಿಷದ ಹಲ್ಲು ಕಿತ್ತು ಲಸಿಕೆಯಾಗಿ ಕೊಟ್ಟರೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಮುಂದೆ ನಿಜವಾದ ವಿಷ ಬಂದಾಗ ಪ್ರತಿಕಾಯ ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಗುರುತು ಸಿಕ್ಕಿದರೆ ಕಳ್ಳನೂ ಸಿಕ್ಕಿದ ಹಾಗೆ.

ಕ್ಷಯದ ರೋಗಾಣು ಅಷ್ಟು ಸುಲಭದ ಆಸಾಮಿಯಲ್ಲ. ತನ್ನನ್ನು ನುಂಗಿದ ಭಕ್ಷಕ ಕಣದ ಒಳಗೇ ಅದು ಮನೆ ಮಾಡಿಕೊಳ್ಳುತ್ತದೆ. ರಕ್ತದಲ್ಲಿ ತೇಲುವ ಪ್ರತಿಕಾಯ ಒಳಗೆ ಕೂತವನನ್ನು ಸುಲಭಕ್ಕೆ ಮುಟ್ಟಲಾರದು. ಕಳ್ಳ ಕಾವಲುಗಾರನ ಕೋಣೆಯಲ್ಲೇ ಅಡಗಿ ಕೂತಂತೆ!

ಬಿಸಿಜಿಯ ಕಥೆ ಕೇಳಿ. ಫ್ರಾನ್ಸಿನ ಕ್ಯಾಲ್ಮೆಟ್ ಮತ್ತು ಗೆರಾನ್ ದನದ ಕ್ಷಯದ ರೋಗಾಣುವನ್ನು ೧೩ ವರ್ಷಗಳಲ್ಲಿ ೨೩೦ ಬಾರಿ ಹೊಸ ಹೊಸ ಆಹಾರಕ್ಕೆ ಬದಲಿಸಿ ಬೆಳೆಸಿ, ಅದರ ಕ್ರೌರ್ಯ ಇಳಿಸಿದರು. ೧೯೨೧ರಲ್ಲಿ ಅದನ್ನು ಮೊದಲ ಬಾರಿ ಒಂದು ಮಗುವಿಗೆ ಕೊಟ್ಟರು. ಎಳೆಯ ಮಕ್ಕಳಿಗೆ ಬರುವ ಮಿದುಳು ಪೊರೆಯ ಕ್ಷಯದಂಥ ಮಾರಕ ರೂಪಗಳನ್ನು ಬಿಸಿಜಿ ತಡೆಯುತ್ತದೆ. ಅದಕ್ಕಾಗಿಯೇ ಹುಟ್ಟಿದ ಮಗುವಿಗೆ ಅದನ್ನು ತಪ್ಪದೆ ಹಾಕಿಸಬೇಕು.

ಆದರೆ ದೊಡ್ಡವರ ಶ್ವಾಸಕೋಶದ ಕ್ಷಯ? ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯಲ್ಲಿ ೧೯೬೮ರಲ್ಲಿ ಆರಂಭವಾದ ಭಾರೀ ಪ್ರಯೋಗದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡರು. ೧೯೭೯ರಲ್ಲಿ ಮೊದಲ ಫಲಿತಾಂಶ ಹೊರಬಿದ್ದಾಗ ಜಗತ್ತೇ ಬೆಚ್ಚಿತು. ಹದಿನೈದು ವರ್ಷಗಳ ಲೆಕ್ಕ ೧೯೯೯ರಲ್ಲಿ ಪ್ರಕಟವಾದಾಗಲೂ ಅದೇ ಉತ್ತರ: ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಬಿಸಿಜಿ ಅಲ್ಲಿ ತಡೆದಿರಲಿಲ್ಲ. ಲಸಿಕೆ ಪಡೆದವರ ಮುಂಗೈಯಲ್ಲಿ ಉಬ್ಬೇನೋ ಏಳುತ್ತಿತ್ತು. ಕಾವಲುಗಾರರು ಗುರುತು ಹಿಡಿದಿದ್ದರು. ಆದರೂ ರೋಗ ನಿಂತಿರಲಿಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹೀಗೇಕಾಯಿತು ಎಂಬುದಕ್ಕೆ ಹೇಳುವ ಕಾರಣಗಳಲ್ಲಿ ಒಂದು ನಮ್ಮ ನೆಲಕ್ಕೇ ಸಂಬಂಧಿಸಿದ್ದು. ಮಣ್ಣಿನಲ್ಲಿ, ಕೆರೆಕುಂಟೆಯ ನೀರಿನಲ್ಲಿ ಕ್ಷಯದ ರೋಗಾಣುವಿನ ನಿರುಪದ್ರವಿ ದಾಯಾದಿಗಳು ಬೇಕಾದಷ್ಟಿವೆ. ಅವುಗಳ ಹಲವು ಪ್ರೋಟೀನುಗಳಿಗೂ ಕ್ಷಯದ ರೋಗಾಣುವಿನ ಪ್ರೋಟೀನುಗಳಿಗೂ ಹೋಲಿಕೆ ಇದೆ. ಹೊಲದಲ್ಲಿ ಆಡಿ ಬೆಳೆದ ಮಗುವಿನ ಮೈಗೆ ಅವು ಆಗಲೇ ಪರಿಚಿತ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಸೋಂಕಿಲ್ಲದವರ ಮುಂಗೈಯಲ್ಲೂ ಟ್ಯೂಬರ್ಕ್ಯುಲಿನ್‌ಗೆ ಚಿಕ್ಕ ಉಬ್ಬು ಏಳುವುದಕ್ಕೆ ಇದೇ ಕಾರಣ. ಬಿಸಿಜಿ ಹೊಸದಾಗಿ ಕಲಿಸಬೇಕಾದ ಪಾಠವನ್ನು ಈ ಅರೆಬರೆ ಪರಿಚಯ ಮಂಕಾಗಿಸುತ್ತದೆ ಎಂದು ಹಲವು ತಜ್ಞರು ಭಾವಿಸುತ್ತಾರೆ.

೨೦೧೦ರಲ್ಲಿ ಇದಕ್ಕಿಂತ ಅಚ್ಚರಿಯ ಸಂಗತಿಯೊಂದು ಗೊತ್ತಾಯಿತು. ಸಾಮಾನ್ಯವಾಗಿ ರೋಗಾಣುಗಳು ಕಾವಲಿನ ಕಣ್ಣಿಗೆ ಬೀಳುವ ಭಾಗಗಳನ್ನು ಬದಲಿಸುತ್ತ ಹೋಗುತ್ತವೆ, ವೇಷ ಮರೆಸಿಕೊಳ್ಳುತ್ತವೆ. ಜಗತ್ತಿನ ನಾನಾ ಭಾಗದ ಕ್ಷಯದ ರೋಗಾಣುಗಳ ಜೀನುಗಳನ್ನು ಹೋಲಿಸಿ ನೋಡಿದಾಗ ಕಂಡದ್ದು ತದ್ವಿರುದ್ಧ. ನಮ್ಮ ಟಿ-ಕಣಗಳು ಗುರುತಿಸುವ ತುಂಡುಗಳನ್ನೇ ಅದು ಬದಲಿಸದೆ ಜೋಪಾನವಾಗಿ ಕಾಪಾಡಿಕೊಂಡು ಬಂದಿತ್ತು! “ನನ್ನನ್ನು ಗುರುತಿಸು” ಎಂದು ಮುಖ ತೋರಿಸಿಕೊಂಡೇ ತಿರುಗುವ ಕಳ್ಳ.

ಅದರಿಂದ ಅದಕ್ಕೇನು ಲಾಭ? ಯೋಚಿಸಿ ನೋಡಿ. ಕಾವಲುಗಾರರು ಕೆರಳಿ ಮುತ್ತಿಕೊಂಡಾಗ ಶ್ವಾಸಕೋಶದ ಅಂಗಾಂಶ ಕರಗಿ ಗೂಡಾಗುತ್ತದೆ. ಆ ಗೂಡಿನಿಂದ ಕೆಮ್ಮಿನ ಮೂಲಕ ಕೋಟಿಗಟ್ಟಲೆ ರೋಗಾಣುಗಳು ಗಾಳಿಗೆ ಬಂದು ಇನ್ನೊಬ್ಬರನ್ನು ಸೇರುತ್ತವೆ. ನಮ್ಮ ಕಾವಲಿನ ರಂಪವನ್ನೇ ರೋಗಾಣು ತನ್ನ ಪ್ರಯಾಣಕ್ಕೆ ಬಂಡಿ ಮಾಡಿಕೊಂಡಿರಬಹುದು ಎಂಬುದು ವಿಜ್ಞಾನಿಗಳ ಊಹೆ. ಹಾಗಿದ್ದರೆ ಲಸಿಕೆಗೆ ಪ್ರೋಟೀನು ಆರಿಸುವಾಗ “ಮೈ ಯಾವುದಕ್ಕೆ ಹೆಚ್ಚು ಕೆರಳುತ್ತದೆ” ಎಂದು ಕೇಳಿದರೆ ಸಾಲದು. “ಯಾವುದನ್ನು ಗುರುತಿಸಿದರೆ ಮೈ ನಿಜವಾಗಿ ಕಾಯುತ್ತದೆ” ಎಂದು ಕೇಳಬೇಕು.

ಯಾವ ಪ್ರೋಟೀನು?

೧೯೯೮ರಲ್ಲಿ ಕ್ಷಯದ ರೋಗಾಣುವಿನ ಸಂಪೂರ್ಣ ಜೀನು ನಕ್ಷೆ ಪ್ರಕಟವಾಯಿತು. ಸುಮಾರು ೪,೦೦೦ ಜೀನುಗಳು, ಅಂದರೆ ಸುಮಾರು ಅಷ್ಟೇ ಪ್ರೋಟೀನುಗಳು. ಇದರಲ್ಲಿ ಯಾವುದು ಬೇಕು?

ಮೊದಲ ಫಲ ದೊರೆತದ್ದು ಪರೀಕ್ಷೆಯ ವಿಷಯದಲ್ಲಿ. ಬಿಸಿಜಿ ತಯಾರಿಸುವಾಗ ೨೩೦ ಸಲ ಬೆಳೆಸಿದ್ದನ್ನು ಹೇಳಿದೆನಲ್ಲ, ಆ ಅವಧಿಯಲ್ಲಿ ಅದು ಕೆಲವು ಜೀನುಗಳನ್ನೇ ಕಳೆದುಕೊಂಡಿತ್ತು. ಈಸ್ಯಾಟ್-೬, ಸಿಎಫ್‌ಪಿ-೧೦ ಎಂಬ ಎರಡು ಪ್ರೋಟೀನುಗಳು ನಿಜವಾದ ರೋಗಾಣುವಿನಲ್ಲಿವೆ, ಬಿಸಿಜಿಯಲ್ಲಿ ಇಲ್ಲ. ಮುಂಗೈಗೆ ಇವೆರಡನ್ನೇ ಚುಚ್ಚಿದರೆ ಬಿಸಿಜಿ ಹಾಕಿಸಿಕೊಂಡವರಲ್ಲಿ ಸುಳ್ಳು ಉಬ್ಬು ಏಳುವುದಿಲ್ಲ. ನಿಜವಾದ ಸೋಂಕಿಗೆ ಮಾತ್ರ ಏಳುತ್ತದೆ. ಇಂಥ ಹೊಸ ಚರ್ಮ ಪರೀಕ್ಷೆಗೆ ಭಾರತದಲ್ಲಿ ೨೦೨೨ರಲ್ಲಿ ಒಪ್ಪಿಗೆ ಸಿಕ್ಕಿತು. ತುಮಕೂರಿನ ಹಳ್ಳಿಗಳಲ್ಲಿ ೧೯೬೦ರಲ್ಲಿ ಉಬ್ಬು ಅಳೆದವರನ್ನು ಕಾಡುತ್ತಿದ್ದ ‘ಇದು ನಿಜವೋ ಸುಳ್ಳೋ’ ಎಂಬ ಗೊಂದಲಕ್ಕೆ ಹೀಗೆ ಬಹುಪಾಲು ಪರಿಹಾರ ದೊರೆತಿದೆ.

ಲಸಿಕೆಯ ದಾರಿ ಇಷ್ಟು ನೇರವಾಗಿಲ್ಲ. ‘೮೫-ಎ’ ಎಂಬ ಪ್ರೋಟೀನನ್ನು ನಮ್ಮ ಟಿ-ಕಣಗಳು ಚೆನ್ನಾಗಿ ಗುರುತಿಸುತ್ತವೆ. ಅದನ್ನು ಹೊತ್ತ ಲಸಿಕೆಯನ್ನು ದಕ್ಷಿಣ ಆಫ್ರಿಕಾದಲ್ಲಿ ಸುಮಾರು ೨,೮೦೦ ಹಸುಗೂಸುಗಳ ಮೇಲೆ ಪರೀಕ್ಷಿಸಿದರು. ಬಿಸಿಜಿ ಪಡೆದ ಮಕ್ಕಳಲ್ಲಿ ಅದು ಹೆಚ್ಚಿನ ರಕ್ಷಣೆಯನ್ನೇನೂ ಕೊಡಲಿಲ್ಲ ಎಂದು ೨೦೧೩ರಲ್ಲಿ ಗೊತ್ತಾಯಿತು. ಕಾಣುವುದೇ ಬೇರೆ, ಕಾಯುವುದೇ ಬೇರೆ ಎಂಬ ಪಾಠ ಮತ್ತೊಮ್ಮೆ.

ಇನ್ನೊಂದು ತಂಡ ಬೇರೆ ಉಪಾಯ ಮಾಡಿತು. ಸೋಂಕು ತಗುಲಿಯೂ ಕಾಯಿಲೆ ಬೀಳದೆ ಗಟ್ಟಿಮುಟ್ಟಾಗಿರುವವರ ರಕ್ತದ ಟಿ-ಕಣಗಳು ಯಾವ ಪ್ರೋಟೀನುಗಳಿಗೆ ಎಚ್ಚರಗೊಳ್ಳುತ್ತವೆ ಎಂದು ಹುಡುಕಿತು. ಹಾಗೆ ಆರಿಸಿದ ಎರಡು ಪ್ರೋಟೀನುಗಳನ್ನು ಬೆಸೆದು ‘ಎಂ-೭೨’ ಎಂಬ ಲಸಿಕೆಯಾಯಿತು. ಕೀನ್ಯಾ, ದಕ್ಷಿಣ ಆಫ್ರಿಕಾ, ಜಾಂಬಿಯಾ ದೇಶಗಳಲ್ಲಿ ಆಗಲೇ ಸೋಂಕಿದ್ದ ಸುಮಾರು ಮೂರೂವರೆ ಸಾವಿರ ವಯಸ್ಕರಲ್ಲಿ ಅರ್ಧ ಜನಕ್ಕೆ ಇದನ್ನು, ಇನ್ನರ್ಧ ಜನಕ್ಕೆ ಬರೀ ಹುಸಿಮದ್ದನ್ನು ಕೊಟ್ಟರು. ಮೂರು ವರ್ಷದ ನಂತರ, ೨೦೧೯ರಲ್ಲಿ ಪ್ರಕಟವಾದ ಲೆಕ್ಕ ಇದು: ಹುಸಿಮದ್ದಿನ ಗುಂಪಿನಲ್ಲಿ ೨೬ ಮಂದಿಗೆ ಕ್ಷಯ, ಲಸಿಕೆಯ ಗುಂಪಿನಲ್ಲಿ ೧೩ ಮಂದಿಗೆ. ಅರ್ಧಕ್ಕರ್ಧ ಇಳಿಕೆ! ಸಂಖ್ಯೆ ಚಿಕ್ಕದು, ಹಿಗ್ಗುವ ಮೊದಲು ಕಾಯಬೇಕು. ಸುಮಾರು ೨೦,೦೦೦ ಜನರ ಮೇಲಿನ ದೊಡ್ಡ ಪ್ರಯೋಗ ೨೦೨೪ರ ಮಾರ್ಚ್‌ನಲ್ಲಿ ಆರಂಭವಾಯಿತು. ಅದು ಗೆದ್ದರೆ ನೂರು ವರ್ಷಗಳ ಬಳಿಕ ಬಿಸಿಜಿಗೆ ಒಬ್ಬ ತಮ್ಮ ಹುಟ್ಟಿದಂತೆ.

ಅಲ್ಲಿಯವರೆಗೆ ನಾವೇನು ಮಾಡಬೇಕು?

ಇಲ್ಲಿ ಮತ್ತೆ ತುಮಕೂರು ಜಿಲ್ಲೆಗೇ ಬರಬೇಕು. ಆ ಸಮೀಕ್ಷೆಯ ಬೆನ್ನಲ್ಲೇ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ರೋಗಿಗಳ ಮನೆಗಳಿಗೆ ಹೋಗಿ ಮಾತನಾಡಿಸುವ ಅಧ್ಯಯನವೊಂದನ್ನು ನಡೆಸಿದರು. ಹಳ್ಳಿಗರು ತಿಳಿವಳಿಕೆಯಿಲ್ಲದವರು, ರೋಗವನ್ನು ಲೆಕ್ಕಿಸರು ಎಂಬುದು ಆಗಿನ ನಂಬಿಕೆ. ೧೯೬೩ರಲ್ಲಿ ಪ್ರಕಟವಾದ ಫಲಿತಾಂಶ ಅದನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಜನರಿಗೆ ತಮಗೇನೋ ಆಗಿದೆಯೆಂದು ಚೆನ್ನಾಗಿ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಪರಿಹಾರ ಹುಡುಕಿಕೊಂಡು ಹೋಗಿಯೂ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! ದೇಹ ಗುರುತು ಹಿಡಿದಿತ್ತು, ರೋಗಿಯೂ ಗುರುತು ಹಿಡಿದಿದ್ದ. ಹಿಡಿಯದೆ ಹೋದದ್ದು ವ್ಯವಸ್ಥೆ. ಕೆಮ್ಮಿಕೊಂಡು ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷಿಸಿದರೆ ಬಹಳಷ್ಟು ರೋಗಿಗಳು ಸಿಗುತ್ತಾರೆ ಎಂಬ ತಿಳಿವು, ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಬೆನ್ನೆಲುಬಾಯಿತು.

ಇಂದು ಕ್ಷಯ ವಾಸಿಯಾಗುವ ಕಾಯಿಲೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಎರಡು ತಿಂಗಳಲ್ಲಿ ಮೈ ಹಗುರಾಯಿತೆಂದು ಮಾತ್ರೆ ಬಿಡುವುದೇ ದೊಡ್ಡ ಅಪಾಯ. ಗಂಟಿನೊಳಗೆ ಅಡಗಿ ಉಳಿದ ರೋಗಾಣು ಮತ್ತೆ ಏಳುತ್ತದೆ, ಆಗ ಹಳೆಯ ಮಾತ್ರೆಗೆ ಬಗ್ಗದೆಯೂ ಹೋಗಬಹುದು.

ಇನ್ನೊಂದು ಮಾತು ಅನ್ನದ್ದು. ಹೊಟ್ಟೆಗಿಲ್ಲದ ಮೈಯಲ್ಲಿ ಟಿ-ಕಣಗಳೂ ಸೊರಗುತ್ತವೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೆ ಅಕ್ಕಿ ಬೇಳೆಯಂಥ ಆಹಾರದ ಕಿಟ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ ೪೦ರಷ್ಟು ಕಡಿಮೆಯಾಯಿತು. ಎಂ-೭೨ ಲಸಿಕೆಯ ಅಂಕಿಗೆ ಇದನ್ನು ಹೋಲಿಸಿ ನೋಡಿ. ಮಳೆ ಕೈಕೊಟ್ಟ ವರ್ಷ ಪಾವಗಡ, ಶಿರಾ ಕಡೆಯಿಂದ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಕೂಲಿಗೆ ಹೋಗಿ, ಒಂದೇ ಶೆಡ್ಡಿನಲ್ಲಿ ಎಂಟು ಹತ್ತು ಜನ ಮಲಗುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ರಾಗಿಯ ಜೊತೆ ಕಾಳು, ಕಡಲೆಕಾಯಿ, ಮೊಟ್ಟೆ, ಹಾಲು ಕೈಗೆಟುಕಿದಷ್ಟು ಇರಲಿ. ಅದೂ ಕಾವಲುಗಾರರ ಸಂಬಳವೇ.

ನೆನಪಿಡಿ

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ – ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಮಾಡಿಸಿ. ಕೆಮ್ಮಿನ ಔಷಧಿ ಕುಡಿದು ದಿನ ತಳ್ಳಬೇಡಿ.

ಮುಂಗೈಯ ಉಬ್ಬು ಸೋಂಕಿನ ಗುರುತು, ಕಾಯಿಲೆಯ ತೀರ್ಪಲ್ಲ. ಉಬ್ಬು ಎದ್ದಿತೆಂದು ಕಂಗಾಲಾಗಬೇಡಿ. ಏಳಲಿಲ್ಲವೆಂದು ನಿಶ್ಚಿಂತರಾಗಲೂಬೇಡಿ. ತೀರಾ ಸೊರಗಿದವರಲ್ಲಿ ಸೋಂಕಿದ್ದರೂ ಉಬ್ಬು ಏಳದಿರಬಹುದು.

ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಉಳಿದವರೆಲ್ಲರ ತಪಾಸಣೆ ಆಗಬೇಕು, ಮಕ್ಕಳದು ಮೊದಲು. ಕಾಯಿಲೆ ಏಳದಂತೆ ತಡೆಯುವ ಮಾತ್ರೆಗಳಿವೆ, ವೈದ್ಯರನ್ನು ಕೇಳಿ.

ಸಕ್ಕರೆ ಕಾಯಿಲೆ ಇರುವವರು, ಎಚ್‌ಐವಿ ಸೋಂಕಿರುವವರು, ಕಲ್ಲು ಕ್ವಾರಿಯ ದೂಳಿನಲ್ಲಿ ದುಡಿಯುವವರು, ಬೀಡಿ ಸಿಗರೇಟು ಸೇದುವವರು ಹೆಚ್ಚು ಎಚ್ಚರದಿಂದಿರಬೇಕು.

ಹುಟ್ಟಿದ ಮಗುವಿಗೆ ಬಿಸಿಜಿ ತಪ್ಪಿಸಬೇಡಿ. ಆದರೆ ತೋಳಿನ ಕಲೆ ನಂಬಿ ದೊಡ್ಡವರ ಕೆಮ್ಮನ್ನು ಕಡೆಗಣಿಸಬೇಡಿ.

ಆ ತಾಯಿಗೆ ಹೇಳಬೇಕಾದ ಮಾತೂ ಇದೇ: “ನೀವು ಲಸಿಕೆ ಹಾಕಿಸಿದ್ದು ಸರಿ ಇತ್ತಮ್ಮ. ಎಳವೆಯಲ್ಲಿ ಅದು ತನ್ನ ಕೆಲಸ ಮಾಡಿದೆ. ಈಗಿನ ಕೆಲಸ ಆರು ತಿಂಗಳ ಮಾತ್ರೆಯದು. ಒಂದು ದಿನವೂ ತಪ್ಪದ ಹಾಗೆ ನೋಡ್ಕೊಳ್ಳಿ.”